ರಂಪಣಿ ಹಗ್ಗ ಹಿಡಿದ ಮೂಲವಸ್ತುಗಳು

ಚಹಾ ಕುದಿಯಲು ಇಟ್ಟು ಮರೆತರೆ ಅಡುಗೆಮನೆಯಲ್ಲಿ ಒಂದು ಒಗರು ವಾಸನೆ ಏಳುತ್ತದೆ. ಹಾಲು ಹಾಕುವ ಮೊದಲು, ಪುಡಿ ಕುದಿದು ಕುದಿದು ನೀರು ಕಪ್ಪಾದ ಮೇಲೆ ಬರುವ ವಾಸನೆ. ಮೊನ್ನೆ ಫೋನಿನಲ್ಲಿ ಮಾತಾಡುತ್ತ ಒಲೆಯ ಕಡೆ ಗಮನ ಕೊಡಲಿಲ್ಲ. ಮಗಳು ಓಡಿಬಂದು ಗ್ಯಾಸ್ ಆರಿಸಿ ನನ್ನನ್ನು ಬೈದಳು. ನಾನು ಮಾತ್ರ ಪಾತ್ರೆಯ ಮೇಲೆ ಮುಖವಿಟ್ಟು ನಿಂತೇ ಇದ್ದೆ. ನಮ್ಮ ಮನೆಯ ಹಿಂದೆ ತೆಂಗಿನ ಮರಗಳ ನಡುವೆ ಬಲೆಗೆ ಬಣ್ಣ ಕಟ್ಟುತ್ತಿದ್ದ ಹಂಡೆಯ ವಾಸನೆ ಅದು. ಮರದ ತೊಗಟೆ ಜಜ್ಜಿ ಹಾಕಿ ಕುದಿಸಿದ ಕೆಂಪು ನೀರಿನಲ್ಲಿ ನೂಲಿನ ಬಲೆಯನ್ನು ಅದ್ದಿ ತೆಗೆದು ಮರಳಿನ ಮೇಲೆ ಒಣಹಾಕುತ್ತಿದ್ದರು. ಹಾಗೆ ಮಾಡದಿದ್ದರೆ ಉಪ್ಪುನೀರು ಒಂದೇ ಹಂಗಾಮಿನಲ್ಲಿ ಬಲೆಯನ್ನು ತಿಂದುಹಾಕುತ್ತಿತ್ತು. ನೈಲಾನ್ ಬಂತು, ಹಂಡೆಗೆ ಕೆಲಸ ಇಲ್ಲದಾಯಿತು, ಆ ವಾಸನೆ ಊರು ಬಿಟ್ಟಿತು. ನಿಮ್ಮ ಮನೆಯಿಂದಲೂ ಹೀಗೆ ಹೊರಟುಹೋದ ವಾಸನೆಯೊಂದು ಇದ್ದೇ ಇರುತ್ತದೆ. ಅದನ್ನು ಯಾರಿಗಾದರೂ ವಿವರಿಸಲು ಹೋಗಿ ಸೋತಿದ್ದರೆ ನನ್ನ ಪಾಡು ನಿಮಗೆ ತಿಳಿಯುತ್ತದೆ.

ನಮ್ಮದು ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವ ದಾರಿಯಲ್ಲಿ, ಮಂಕಿ ದಾಟಿ ಬಲಕ್ಕೆ ಇಳಿದರೆ ಸಿಗುವ ಕಡಲಂಚಿನ ಊರು. ಮನೆಯ ಮುಂದೆ ಮರಳು, ಮರಳಿನ ಮುಂದೆ ಕಡಲು, ನಡುವೆ ಬೇಲಿ ಅಂತ ಒಂದಿರಲಿಲ್ಲ. ಅಜ್ಜ ರಂಪಣಿಯ ತಂಡೇಲ. ರಂಪಣಿ ಎಂದರೆ ದಡದಲ್ಲಿ ನಿಂತು ಎಳೆಯುವ ಬಹಳ ಉದ್ದದ ಬಲೆ. ದೋಣಿಯವರು ಅದನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತ ಹೋಗಿ, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತಂದುಕೊಡುತ್ತಿದ್ದರು. ಆಮೇಲೆ ಎರಡು ಗುಂಪಾಗಿ ನಿಂತು ಊರೇ ಎಳೆಯಬೇಕು. ಎಲ್ಲಿ ಬಲೆ ಬಿಡಬೇಕು, ಯಾವಾಗ ಎಳೆಯಬೇಕು, ಯಾವ ಹಗ್ಗ ಸಡಿಲ ಬಿಡಬೇಕು ಎಂದು ಹೇಳುವ ಯಜಮಾನನೇ ತಂಡೇಲ. ಬಲೆ ನೀರಿನಲ್ಲಿರುವಷ್ಟು ಹೊತ್ತು ಅವನ ಮಾತಿಗೆ ಎದುರಾಡುವವರಿಲ್ಲ. ಇನ್ನೊಂದು ಕಟ್ಟಳೆ ಇತ್ತು. ಹಗ್ಗಕ್ಕೆ ಕೈ ಹಾಕಿದ ಯಾರಿಗೇ ಆಗಲಿ ಮೀನಿನಲ್ಲಿ ಪಾಲು ಉಂಟು. ಶಿರಾಲಿಗೆ ಹೊರಟವನು ಬಸ್ಸು ತಪ್ಪಿ ದಡಕ್ಕೆ ಬಂದು ಹಗ್ಗ ಹಿಡಿದರೂ ಅವನ ಪಾಲನ್ನು ಮರಳಿನ ಮೇಲೆ ಬೇರೆ ಇಡುತ್ತಿದ್ದರು. ಹಾಗಾಗಿ ಬಂಗಡೆ ಮೀನಿನ ಹಿಂಡು ಬಂದಿತೆಂದು ದಡದಿಂದ ಕೂಗು ಎದ್ದರೆ ಊರಿನಲ್ಲಿ ಎಲ್ಲ ಕೆಲಸವೂ ನಿಲ್ಲುತ್ತಿತ್ತು. ಅರ್ಧ ಮುಖ ಬೋಳಿಸಿಕೊಂಡವನು ಸೋಪಿನ ನೊರೆಯಲ್ಲೇ ಓಡಿ ಬಂದದ್ದನ್ನು ನಾನು ಕಂಡಿದ್ದೇನೆ.

ಅಜ್ಜನ ಕೊನೆಯ ಮಗಳು ಮಾದೇವಿ, ನನ್ನ ಅಪ್ಪನ ತಂಗಿ, ನನಗೆ ಅತ್ತೆ. ನಮ್ಮ ಕೇರಿಯಲ್ಲಿ ಹೈಸ್ಕೂಲು ಮುಗಿಸಿದ ಮೊದಲ ಹುಡುಗಿ ಅವಳು. ಅಲ್ಲಿಗೇ ನಿಲ್ಲಲಿಲ್ಲ, ಕುಮಟೆಯ ಕಾಲೇಜಿಗೆ ಹೋಗಿ ವಿಜ್ಞಾನ ಓದುತ್ತೇನೆ ಎಂದು ಹಟ ಹಿಡಿದಳು. ಕೇರಿಯವರು ಅಜ್ಜನ ಕಿವಿ ಕಚ್ಚಿದರು. ಅಜ್ಜ ಎಂದೂ ಮತ್ತೊಬ್ಬರನ್ನು ಕೇಳಿ ಬಲೆ ಬಿಟ್ಟವರಲ್ಲ, ಇದರಲ್ಲೂ ಕೇಳಲಿಲ್ಲ. ಕುಮಟೆಯಲ್ಲಿ ನಮ್ಮ ನೆಂಟರೊಬ್ಬರ ಮನೆಯಲ್ಲಿ ಅವಳು ಉಳಿದಳು. ಹಬ್ಬ ಬಂದರೆ, ರಜೆ ಬಂದರೆ, ಹೊನ್ನಾವರದಲ್ಲಿ ತಾರಿ ದೋಣಿಯಲ್ಲಿ ಹೊಳೆ ದಾಟಿ, ಈಚೆ ದಡದಲ್ಲಿ ಬಸ್ಸು ಹಿಡಿದು ಮನೆಗೆ ಬರುತ್ತಿದ್ದಳು. ಬರುವಾಗ ನಮಗೆ ಪೆಪ್ಪರ್ಮಿಂಟು ತಂದದ್ದಿಲ್ಲ, ಪಾಠ ತರುತ್ತಿದ್ದಳು. ಎತ್ತರದ ಹೆಂಗಸು, ದೊಡ್ಡ ದನಿ, ನಡೆಯುವಾಗ ಮರಳಿನಲ್ಲೂ ಸದ್ದಾಗಬೇಕು. ಅವಳಿಗೆ ಸಂಕೋಚ ಎಂಬುದನ್ನು ಯಾರೂ ಕಲಿಸಿರಲಿಲ್ಲ, ಅದು ಅವಳು ತಾನಾಗಿ ಕಲಿಯುವ ವಿಷಯವೂ ಆಗಿರಲಿಲ್ಲ. ನನಗೆ ಅವಳೆಂದರೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಅವಳ ಪಕ್ಷ ವಹಿಸಿಯೇ ಬರೆಯುವವಳು.

ಪರಮಾಣುವನ್ನು ಅವಳು ನನಗೆ ತೋರಿಸಿದ್ದು ಮಳೆಗಾಲದಲ್ಲಿ, ನಮ್ಮ ನಡುಮನೆಯಲ್ಲಿ. ಮಳೆಗಾಲದಲ್ಲಿ ರಂಪಣಿ ಕಡಲಿಗೆ ಇಳಿಯುವಂತಿಲ್ಲ. ಆ ತಿಂಗಳುಗಳಲ್ಲಿ ಅದನ್ನು ತಂದು ನಡುಮನೆಯ ಮಧ್ಯದಲ್ಲಿ ರಾಶಿ ಹಾಕುತ್ತಿದ್ದರು. ಆಳೆತ್ತರದ ಆ ರಾಶಿಯ ಸುತ್ತ ಉಳಿದ ಜಾಗದಲ್ಲಿ ನಾವೆಲ್ಲ ಮಲಗಬೇಕು. ರಾಶಿಗೆ ಒತ್ತಿಕೊಂಡು ಇಬ್ಬರಿಗೇ ಜಾಗ, ಅಲ್ಲಿ ಅಜ್ಜ ಅಜ್ಜಿ. ಅದರ ಹೊರಗಿನ ಸುತ್ತಿನಲ್ಲಿ ಗೋಡೆಯ ತನಕ ಎಂಟು ಚಾಪೆ ಹಿಡಿಯುತ್ತಿತ್ತು, ಅಪ್ಪ, ಅಮ್ಮ, ದೊಡ್ಡಪ್ಪ, ದೊಡ್ಡಮ್ಮ, ಅತ್ತೆ, ನಾವು ಮಕ್ಕಳು. ಅದೂ ತುಂಬಿದ ಮೇಲೆ ಬಂದವರು ಹೊರಗೆ ಜಗಲಿಗೆ. ಅಲ್ಲಿ ಒಬ್ಬನೇ ಮಲಗುತ್ತಿದ್ದವನು ನನ್ನ ಅಣ್ಣ ಗಣಪತಿ. "ಇದೇ ಸೋಡಿಯಂ" ಎಂದಳು ಅತ್ತೆ, ಚಾಪೆಗಳನ್ನು ಬೆರಳಿನಿಂದ ಎಣಿಸುತ್ತ. "ನಡುವಿನಲ್ಲಿ ನ್ಯೂಕ್ಲಿಯಸ್ಸು. ಮೊದಲ ಕವಚದಲ್ಲಿ ಇಬ್ಬರು, ಎರಡನೇದರಲ್ಲಿ ಎಂಟು, ಮೂರನೇದರಲ್ಲಿ ಒಬ್ಬ. ಆ ಒಬ್ಬ ಎಂತ ಮಾಡ್ತ ಹೇಳು?" ನನಗೆ ಗೊತ್ತಿತ್ತು. ಯಾರು ಹೊರಗಿನಿಂದ ಒಂದು ಶಿಳ್ಳೆ ಹಾಕಿದರೂ ಗಣಪತಿಯಣ್ಣ ಚಾಪೆ ಬಿಟ್ಟು ಎದ್ದು ಹೋಗುತ್ತಿದ್ದ. ನಡುಮನೆಯಲ್ಲಿ ಮಲಗಿದವರು ಅಷ್ಟು ಸುಲಭಕ್ಕೆ ಹೋಗುವಂತಿಲ್ಲ, ಅಜ್ಜನ ಕಣ್ಣು ತಪ್ಪಿಸಬೇಕು. ಅಂದಿನಿಂದ ನಮ್ಮ ಮನೆಯಲ್ಲಿ ಅಣ್ಣನಿಗೆ ಸೋಡಿಯಂ ಎಂದೇ ಹೆಸರು ಬಿತ್ತು. ಅಜ್ಜಿಯಂತೂ ಕೊನೆಯವರೆಗೂ ಅದನ್ನು ಒಂದು ಬೈಗುಳ ಎಂದೇ ತಿಳಿದಿದ್ದರು.

ಅವಳು ಪದವಿ ಮುಗಿಸಿ ಊರಿಗೆ ಮರಳಿದ ವರ್ಷ ನಮ್ಮ ಹೈಸ್ಕೂಲಿನ ವಿಜ್ಞಾನದ ಮಾಸ್ತರು ಧಾರವಾಡದ ಕಡೆ ನೌಕರಿ ಸಿಕ್ಕಿ ಹೊರಟುಹೋದರು. ನಾನಾಗ ಹತ್ತನೇ ಇಯತ್ತೆ. ಸ್ಕೂಲು ಊರವರ ಒಂದು ಮಂಡಳಿಯದು. ಮಂಡಳಿಯ ಅಧ್ಯಕ್ಷರು ಕೊಬ್ಬರಿ ವ್ಯಾಪಾರದ ಸಾಹುಕಾರರು, ಬಿಸಿಲಿರಲಿ ಇಲ್ಲದಿರಲಿ ಕೊಡೆ ಬಿಚ್ಚಿಯೇ ನಡೆಯುವವರು. ಅತ್ತೆ ಹೋಗಿ ಕೆಲಸ ಕೇಳಿದಳು. ಮಂಡಳಿ ಇಲ್ಲ ಎನ್ನಲಿಲ್ಲ. ಬಲೆ ಹೆಣೆಯುವವರ ಮನೆಯ ಹುಡುಗಿ ಅಲ್ಲವೇ, ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲಿ, ವಿಜ್ಞಾನಕ್ಕೆ ಗಂಡಸರೊಬ್ಬರನ್ನು ಹುಡುಕೋಣ ಎಂದಿತು. ಮಾತಿನಲ್ಲಿ ಬೈಗುಳ ಇರಲಿಲ್ಲ, ಅವರು ಅದನ್ನು ದೊಡ್ಡ ಉಪಕಾರ ಎಂದೇ ಹೇಳಿದ್ದು. ಅತ್ತೆ ಮನೆಗೆ ಬಂದು ತಲೆಬಾಗಿಲಲ್ಲಿ ನಿಂತು ಅದನ್ನು ಹೇಳಿದಾಗ ಅಜ್ಜ ಹರಿದ ಬಲೆಗೆ ಗಂಟು ಹಾಕುತ್ತಿದ್ದರು. ತಲೆ ಎತ್ತದೆ ಕೇಳಿದರು: "ನೀ ಎಂತ ಹೇಳ್ದೆ?" ಅತ್ತೆ, "ನಂಗೆ ಹೊಲೂಕೆ ಬರೂದಿಲ್ಲ ಹೇಳ್ದೆ" ಎಂದಳು. ಅದು ಶುದ್ಧ ಸುಳ್ಳು. ನಮ್ಮ ಕೇರಿಯಲ್ಲಿ ಅವಳಷ್ಟು ಚೊಕ್ಕವಾಗಿ ಬಲೆ ಹೊಲಿಯುವವರು ಇನ್ನೊಬ್ಬರಿರಲಿಲ್ಲ. ಅಜ್ಜ ಒಂದು ಗಂಟು ಹಾಕಿ ಮುಗಿಸಿ, "ಆತು" ಎಂದರು. ಆ ಮಾತಿಗೆ ನಮ್ಮ ಮನೆಯಲ್ಲಿ ಒಪ್ಪಿಗೆ ಎಂದರ್ಥ.

ಹೆಡ್ ಮಾಸ್ತರು ಒಳ್ಳೆಯವರು, ಗಣಿತದವರು, ಆದರೆ ಅಧ್ಯಕ್ಷರ ಎದುರು ದನಿ ಏರಿಸುವ ಧೈರ್ಯ ಇಲ್ಲದವರು. ಅವರೇ ಒಂದು ದಾರಿ ಹುಡುಕಿದರು. ಮಾದೇವಿ ಒಂದು ತಾಸು ಹತ್ತನೆಯ ಇಯತ್ತೆಗೆ ಪಾಠ ಮಾಡಲಿ, ಮಂಡಳಿಯವರು ಹಿಂದಿನ ಬೆಂಚಿನಲ್ಲಿ ಕೂತು ಕೇಳಲಿ, ಆಮೇಲೆ ತೀರ್ಮಾನ. ಪಾಠವನ್ನು ಅವಳೇ ಆರಿಸಿಕೊಂಡಳು: ಆವರ್ತ ಕೋಷ್ಟಕದಲ್ಲಿ ಪರಮಾಣುಗಳ ಗಾತ್ರ. ಸುಲಭದ್ದೇನಾದರೂ ಹೇಳಬಾರದೇ, ನೀರು, ಗಾಳಿ, ಸುಣ್ಣ ಎಂದು ನನ್ನ ಅಪ್ಪ ಕೇಳಿದರು. ಸುಲಭದ್ದು ಹೇಳಿದರೆ ಹೊಲಿಗೆಯೇ ಗತಿ ಎಂದಳು ಅತ್ತೆ. ಆ ವಾರವೆಲ್ಲ ಮನೆಯಲ್ಲಿ ಅದೇ ಅಭ್ಯಾಸ. ದೊಡ್ಡಮ್ಮ ಅಕ್ಕಿ ಆರಿಸುತ್ತ, ಅಜ್ಜಿ ಎಲೆ ಮಡಿಸುತ್ತ, ಸೋಡಿಯಂ ಜಗಲಿಯಲ್ಲಿ ತೂಕಡಿಸುತ್ತ ಪರಮಾಣು ಗಾತ್ರದ ಪಾಠ ಕೇಳಿದರು. ನನಗೆ ಉತ್ತರಗಳೆಲ್ಲ ಬಾಯಿಪಾಠವಾಗಿಬಿಟ್ಟವು. ಅದಕ್ಕೇ ಅತ್ತೆ ನನಗೆ ಕಟ್ಟಪ್ಪಣೆ ಮಾಡಿದಳು: "ಪದ್ದಿ, ಅಲ್ಲಿ ನೀ ಬಾಯಿ ಬಿಟ್ಟೆ ಅಂದ್ರೆ ಮನೆಗೆ ಬಂದು ಮಾತಾಡ್ತೆ." ಅವಳ ಮಾತಾಡುವುದು ಅಂದರೆ ಏನೆಂದು ನನ್ನ ಬೆನ್ನಿಗೆ ಗೊತ್ತಿತ್ತು.

ಆ ದಿನ ಬೆಳಗ್ಗೆ ಅಧ್ಯಕ್ಷರು, ಮಂಡಳಿಯ ಇನ್ನಿಬ್ಬರು ಹಿರಿಯರು, ಹೆಡ್ ಮಾಸ್ತರು ಹಿಂದೆ ಸಾಲಾಗಿ ಕೂತರು. ಅತ್ತೆ ಬಿಳಿ ಸೀರೆಯುಟ್ಟು, ಕೂದಲು ಬಿಗಿದು ಕಟ್ಟಿ, ತಲೆಯ ಮೇಲೆ ಅಬ್ಬಲಿಗೆ ದಂಡೆ ಮುಡಿದು ಬಂದಳು. ಹಲಗೆಯ ಮೇಲೆ ವೃತ್ತದೊಳಗೆ ವೃತ್ತ ಎಳೆದು ಸೋಡಿಯಮ್ಮಿನ ಹನ್ನೊಂದು ಎಲೆಕ್ಟ್ರಾನು, ಕ್ಲೋರಿನ್ನಿನ ಹದಿನೇಳು ಎಲೆಕ್ಟ್ರಾನು ಚುಕ್ಕಿ ಇಟ್ಟಳು. ಎರಡಕ್ಕೂ ಮೂರೇ ಕವಚ. ಹೊರಗಿನ ಕವಚದಲ್ಲಿ ಸೋಡಿಯಮ್ಮಿಗೆ ಒಂದು ಚುಕ್ಕಿ, ಕ್ಲೋರಿನ್ನಿಗೆ ಏಳು. ವೃತ್ತಗಳನ್ನು ಬೇಕೆಂದೇ ಒಂದೇ ಅಳತೆಯಲ್ಲಿ ಎಳೆದಿದ್ದಳು. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು, ಇವೆರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದಳು. ಇಡೀ ತರಗತಿ ಒಂದೇ ಬಾಯಲ್ಲಿ ಕ್ಲೋರಿನ್ ಎಂದಿತು. ತಪ್ಪೇನಿದೆ ಹೇಳಿ? ನಾವು ರಂಪಣಿಯ ಮಕ್ಕಳು. ಒಳಗೆ ಮೀನು ಹೆಚ್ಚಾದರೆ ಬಲೆ ಉಬ್ಬುತ್ತದೆ ಎಂದು ಹುಟ್ಟಿದಾಗಿನಿಂದ ಕಂಡವರು. ಮುಂದಿನ ಬೆಂಚಿನ ಹುಡುಗನೊಬ್ಬ ಅದನ್ನೇ ಬಿಡಿಸಿ ಹೇಳಿದ, ಮೀನು ಜಾಸ್ತಿ ಟೀಚರ್, ಬಲೆ ದೊಡ್ಡದು. ಹಿಂದಿನಿಂದ ಅಧ್ಯಕ್ಷರು, ಹುಡುಗ ಜಾಣ ಎನ್ನುವ ಹಾಗೆ ತಲೆದೂಗಿದರು. ನಾನು ಎರಡು ತುಟಿಯನ್ನೂ ಹಲ್ಲಿನಲ್ಲಿ ಹಿಡಿದುಕೊಂಡು ಕೂತಿದ್ದೆ.

ಅತ್ತೆ ಅದಕ್ಕೆ ಉತ್ತರ ಕೊಡುವ ಮೊದಲೇ ದಡದಿಂದ ಕೂಗು ಬಂತು. ದಿಬ್ಬದ ಮೇಲೆ ಕೂತು ಕಡಲು ಕಾಯುವವನು ಬಂಗಡೆಯ ಹಿಂಡನ್ನು ಕಂಡಿದ್ದ. ಆ ಕೂಗು ನಮ್ಮ ಕಿವಿಗೆ ಬಿದ್ದರೆ ಕಾಲು ತಾನಾಗಿ ಬೆಂಚಿನಿಂದ ಹೊರಗೆ ಬರುತ್ತಿತ್ತು. ಆದರೆ ಅಂದು ಹಿಂದೆ ಅಧ್ಯಕ್ಷರು. ಹುಡುಗರು ಕಿಟಕಿಯನ್ನೂ ಅತ್ತೆಯನ್ನೂ ನೋಡುತ್ತ ಬೆಂಚಿನ ತುದಿಗೆ ಬಂದು ಕೂತರು. ಬಹುತೇಕರ ಮನೆಯಲ್ಲಿ ಅಂದಿನ ಪಾಲು ಎಂದರೆ ವಾರದ ಊಟ. ತಡೆದು ಕೂರಿಸಿದರೆ ಮಕ್ಕಳು ಇಲ್ಲಿ ಇದ್ದೂ ಇಲ್ಲದಂತೆ. ಬಿಟ್ಟರೆ ತರಗತಿ ಹತೋಟಿಯಲ್ಲಿಲ್ಲ ಎಂದು ಮಂಡಳಿ ಬರೆದುಕೊಳ್ಳುತ್ತದೆ. ನಮ್ಮ ಮನೆಯ ಅಷ್ಟು ವರ್ಷದ ಹಟವೆಲ್ಲ ಈ ಒಂದು ಗಳಿಗೆಯಲ್ಲಿ ಮುಳುಗುತ್ತದೆ ಎಂದೇ ಅನಿಸಿತು. ಅತ್ತೆ ಕಿಟಕಿಯ ಹತ್ತಿರ ಹೋಗಿ ಕಡಲಿನ ಕಡೆ ನೋಡಿದಳು. ತಿರುಗಿ ಬಂದು, ಏನೂ ಆಗಿಲ್ಲದವಳ ಹಾಗೆ, "ಪುಸ್ತಕ ಮುಚ್ಚಿ. ಸಾಲಾಗಿ ನನ್ನ ಹಿಂದೆ ಬನ್ನಿ. ಪಾಠ ಮುಗಿದಿಲ್ಲ" ಎಂದಳು. ಅಧ್ಯಕ್ಷರು ಎದ್ದು ನಿಂತು ಏನೋ ಹೇಳಲು ಬಾಯಿ ತೆರೆದರು. ಅವಳು ಅವರಿಗೂ ಅದೇ ದನಿಯಲ್ಲಿ, "ನೀವೂ ಬನ್ನಿ ಸಾಹುಕಾರರೇ, ಇಲ್ಲದಿದ್ದರೆ ಅರ್ಧ ಪಾಠವೇ ಕೇಳಿದ ಹಾಗೆ ಆಗ್ತದೆ" ಎಂದು ಬಾಗಿಲು ದಾಟಿದಳು.

ನಾವು ದಡಕ್ಕೆ ಬರುವಷ್ಟರಲ್ಲಿ ದೋಣಿ ಬಲೆ ಬಿಟ್ಟು ಮುಗಿಸಿ ಆಚೆ ಲಂಗರು ಹಾಕಿ ನಿಂತಿತ್ತು. ನೀರಿನ ಮೇಲೆ ಬಲೆಯ ಬೆಂಡುಗಳು ತೇಲುತ್ತ ದೊಡ್ಡ ಬಾಗು ಬರೆದಿದ್ದವು. ನಟ್ಟನಡುವಿನ ದೊಡ್ಡ ಬೆಂಡು ದೋಣಿಗಿಂತಲೂ ಆಚೆ ಇತ್ತು. ಊರವರು ಇನ್ನೂ ಓಡಿಬರುತ್ತಿದ್ದರು. ನಮ್ಮ ಕಡೆಯ ಹಗ್ಗದಲ್ಲಿ ಕೆಲವೇ ಜನ. ಅಜ್ಜ ಮೊಣಕಾಲು ನೀರಿನಲ್ಲಿ ನಿಂತು ತಲೆಯ ವಸ್ತ್ರ ಬಿಚ್ಚಿ ಬೀಸುತ್ತಿದ್ದರು. ಅತ್ತೆ ನಮ್ಮನ್ನೆಲ್ಲ ಮರಳಿನ ಮೇಲೆ ನಿಲ್ಲಿಸಿ, ಹಗ್ಗ ಹಿಡಿದವರನ್ನು ಎಣಿಸಿದಳು. ಹತ್ತು. ಗುಂಪಿನಾಚೆ ನಿಂತಿದ್ದ ನನ್ನ ಅಣ್ಣನನ್ನು ತೋಳು ಹಿಡಿದು ಎಳೆದು ತಂದು ಹಗ್ಗಕ್ಕೆ ಹಚ್ಚಿ, "ಹನ್ನೊಂದು. ಇದು ಸೋಡಿಯಂ" ಎಂದಳು. ನಿಜಕ್ಕೂ ಅದು ಸೋಡಿಯಮ್ಮೇ ಆಗಿತ್ತು, ನಮ್ಮ ಮನೆಯವರಿಗೆ ಮಾತ್ರ ನಗು ಬಂತು. ಕೈಗಳು ಕಡಿಮೆ ಇದ್ದುದರಿಂದ ಬಲೆ ಬರುತ್ತಲೇ ಇರಲಿಲ್ಲ, ದೊಡ್ಡ ಬೆಂಡು ದೂರದಲ್ಲೇ ಆಡುತ್ತಿತ್ತು. ಒಂದು ತರಗತಿಯಷ್ಟು ಗಟ್ಟಿಮುಟ್ಟಾದ ಹುಡುಗರು ಸುಮ್ಮನೆ ನಿಂತಿರುವುದು ಅಜ್ಜನ ಕಣ್ಣಿಗೆ ಬಿತ್ತು. "ಮಾದೇವಿ, ಇಲ್ಲಿ ಆಳು ಬೇಕು, ನೀ ಅಲ್ಲಿ ಎಂತ ಮಾಡ್ತೆ?" ಎಂದು ನೀರಿನಿಂದಲೇ ಕೂಗಿದರು. "ಪಾಠ ಮಾಡ್ತೆ ಅಪ್ಪಾ" ಎಂದಳು ಅತ್ತೆ. ಅಜ್ಜ ಒಮ್ಮೆ ಬಲೆಯನ್ನು ನೋಡಿದರು, ಒಮ್ಮೆ ಕೊಡೆ ಹಿಡಿದು ನಿಂತ ಅಧ್ಯಕ್ಷರನ್ನು. ಬಲೆಯನ್ನು ನಿಲ್ಲಿಸುವುದು ಅವರ ಕೈಲೂ ಇರಲಿಲ್ಲ. "ಹಂಗಾರೆ ಬೇಗ ಮಾಡು" ಎಂದರು.

ಅವಳು ಬೇಗವೇ ಮಾಡಿದಳು. ಪಾಠದಲ್ಲಿ ಮರೆತ ಒಂದು ಮಾತನ್ನು ಈಗ ಹೇಳುತ್ತೇನೆ ಎನ್ನುವವಳ ಹಾಗೆ, ಕಡಲಿಗೆ ಬೆನ್ನು ಮಾಡಿ ನಮ್ಮ ಕಡೆ ತಿರುಗಿ ಹೇಳಿದಳು: "ನೀವು ಮೀನು ಎಣಿಸಿದಿರಿ. ಎಳೆಯುವವರನ್ನು ಎಣಿಸಲಿಲ್ಲ. ಹೊರಗಿನ ಬಲೆಗೆ ಒಂದು ಎಲೆಕ್ಟ್ರಾನು ಸೇರಿದಾಗ ಒಳಗೆ ನ್ಯೂಕ್ಲಿಯಸ್ಸಿನ ದಡದಲ್ಲಿ ಎಳೆಯುವ ಒಂದು ಪ್ರೋಟಾನೂ ಸೇರ್ತದೆ. ಬಲೆ ಅದೇ. ಎಳೆಯುವ ಕೈ ಹೆಚ್ಚು." ಆಮೇಲೆ ಒಬ್ಬೊಬ್ಬರ ಭುಜ ತಟ್ಟಿ ಹೆಸರಿಟ್ಟು ಕಳಿಸಿದಳು. ಮೆಗ್ನೀಸಿಯಂ ಹೋಗು. ಅಲ್ಯೂಮಿನಿಯಂ ಹೋಗು. ಸಿಲಿಕಾನ್ ಆದವನು ಅಧ್ಯಕ್ಷರ ತಂಗಿಯ ಮಗ, ಅಂಗಿಯ ತೋಳು ಮಡಿಸಿಕೊಂಡೇ ಓಡಿದ. ರಂಜಕ ಹೋಯಿತು. ಗಂಧಕ ನಾನೇ. ನನ್ನ ಸಿಟ್ಟಿಗೆ ಆ ಹೆಸರು ಎಷ್ಟು ಸರಿಯಾಗಿ ಕೂತಿತೆಂದರೆ ಇಂದಿಗೂ ಆ ತರಗತಿಯವರು ಎಲ್ಲಾದರೂ ಸಿಕ್ಕರೆ ಹಾಗೆಯೇ ಕರೆಯುತ್ತಾರೆ. ಮೀನು ಜಾಸ್ತಿ ಎಂದ ಮುಂದಿನ ಬೆಂಚಿನ ಹುಡುಗನನ್ನು ಕೊನೆಗೆ ಕ್ಲೋರಿನ್ ಮಾಡಿ ಕಳಿಸಿದಳು. ಒಬ್ಬೊಬ್ಬರು ಸೇರಿದ ಹಾಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಅಂಗೈ ಸುಡತೊಡಗಿತು, ಕಾಲು ಮರಳಿನಲ್ಲಿ ಹೂತಿತು, ಪಕ್ಕದವನ ಉಸಿರು ಕುತ್ತಿಗೆಗೆ ತಾಗುತ್ತಿತ್ತು. "ಬೆಂಡು ನೋಡಿ" ಎಂದು ಅತ್ತೆಯ ದನಿ ಕೇಳಿತು. ಮೊದಲು ದೋಣಿಯ ಆಚೆ ಇದ್ದ ದೊಡ್ಡ ಬೆಂಡು ದೋಣಿಯನ್ನು ದಾಟಿ ಈಚೆ ಬಂದಿತ್ತು. ಬಾಗು ಕಿರಿದಾಗಿತ್ತು. ಒಳಗಿನ ಮೀನು ಒಂದೂ ಕಡಿಮೆಯಾಗಿರಲಿಲ್ಲ. ಹಗ್ಗದಲ್ಲಿದ್ದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಉಳಿದ ಮಕ್ಕಳನ್ನೂ ಅವಳು ಬಿಟ್ಟುಬಿಟ್ಟಳು, ಹೋ ಎಂದು ಎಲ್ಲರೂ ಬಂದು ಹಗ್ಗಕ್ಕೆ ಬಿದ್ದರು.

ದಡದ ಮೇಲೆ ಉಳಿದವರು ಮಂಡಳಿಯವರು ಮತ್ತು ಹೆಡ್ ಮಾಸ್ತರು. ಹೆಡ್ ಮಾಸ್ತರು ಗಂಟಲು ಸರಿಮಾಡಿಕೊಂಡು ಕೇಳಿದರು, ಹಾಗಾದರೆ ಪೊಟ್ಯಾಸಿಯಮ್ಮಿನಲ್ಲಿ ಎಳೆಯುವವರು ಹತ್ತೊಂಬತ್ತು, ಅದು ಇನ್ನೂ ಚಿಕ್ಕದಾಗಬೇಕಲ್ಲ, ಪುಸ್ತಕದಲ್ಲಿ ಸೋಡಿಯಮ್ಮಿಗಿಂತ ದೊಡ್ಡದು ಎಂದಿದೆ. ಕೇಳಿದ್ದು ಸಿಕ್ಕಿಸಲು ಅಲ್ಲ, ಉತ್ತರ ಅವಳಲ್ಲಿದೆ ಎಂದು ತಿಳಿದೇ ಕೇಳಿದ್ದು, ಅವರ ಮುಖದಲ್ಲೇ ಕಾಣುತ್ತಿತ್ತು. "ಈ ಬಲೆಗೆ ಎಂಟಾದ ಮೇಲೆ ಬಂದದ್ದು ಆಚೆಯ ಬಲೆಗೆ ಹೋಗ್ತದೆ ಸರ್" ಎಂದಳು ಅತ್ತೆ. "ಇದರಾಚೆ ಹೊಸದೊಂದು ಬಲೆ. ನಡುವೆ ಮೂರು ಬಲೆ ಅಡ್ಡ. ಎಳೆತ ಅಲ್ಲಿಯ ತನಕ ಸರಿಯಾಗಿ ತಾಗೂದಿಲ್ಲ. ಅದಕ್ಕೇ ದೊಡ್ಡದು." ಈಗ ಅಧ್ಯಕ್ಷರು ಬಾಯಿ ಬಿಟ್ಟರು. ಅವರೂ ದಡ್ಡರಲ್ಲ. ನಿನ್ನ ಬಲೆ ಇನ್ನು ಸ್ವಲ್ಪ ಹೊತ್ತಿಗೆ ದಡಕ್ಕೆ ಬಂದು ಬೀಳುತ್ತದೆ, ಹಾಗಾದರೆ ಪರಮಾಣುವೂ ಕುಸಿದು ನಡುವಿಗೆ ಬೀಳಬೇಕಲ್ಲ, ಯಾಕೆ ಬೀಳುವುದಿಲ್ಲ ಎಂದರು. ಅದು ಒಳ್ಳೆಯ ಪ್ರಶ್ನೆ. ಅತ್ತೆಗೂ ಅದು ಒಳ್ಳೆಯದೆಂದು ಅನಿಸಿತು, ಮೊದಲ ಬಾರಿಗೆ ಅವರ ಮುಖ ನೋಡಿ ನಕ್ಕಳು. "ಬೀಳೂದಿಲ್ಲ. ಯಾಕೆ ಅಂತ ಹೇಳೂಕೆ ನನಗೆ ಇನ್ನೊಂದು ತಾಸು ಬೇಕು ಸಾಹುಕಾರರೇ. ಆ ತಾಸು ಕೊಡಬೇಕಾದವರು ನೀವು" ಎಂದಳು. ಅಧ್ಯಕ್ಷರು ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು.

ಬಲೆ ದಡಕ್ಕೆ ಬಂತು. ಬಂಗಡೆ ಬೆಳ್ಳಗೆ ಹೊಳೆಯುತ್ತ ಮರಳಿನ ತುಂಬ ಚಿಮ್ಮಿತು, ಹೆಂಗಸರು ಬುಟ್ಟಿ ಹಿಡಿದು ಸುತ್ತ ನಿಂತರು. ಪಾಲು ಹಾಕುವಾಗ ತಂಡೇಲ ಒಂದೊಂದು ರಾಶಿಗೂ ಕೂಗಿ ಹೆಸರು ಹೇಳಬೇಕು, ಅದೂ ಕಟ್ಟಳೆಯೇ. ಒಮ್ಮೆ ಕೂಗಿದ ಪಾಲನ್ನು ಯಾರೂ ಬದಲಿಸುವಂತಿಲ್ಲ. ಬಲೆಯ ಪಾಲು, ದೋಣಿಯ ಪಾಲು, ದೇವರ ಪಾಲು, ಹಗ್ಗ ಹಿಡಿದವರ ಪಾಲು. ಇವುಗಳ ಜೊತೆಗೆ ನಮ್ಮೂರಲ್ಲಿ ಮಾಸ್ತರ ಪಾಲು ಅಂತ ಒಂದಿತ್ತು. ಹಗ್ಗ ಹಿಡಿಯಲಿ ಬಿಡಲಿ, ಊರಿನ ಮಕ್ಕಳಿಗೆ ಕಲಿಸುವವರಿಗೆಂದು ತೆಗೆದಿಡುವ ಬುಟ್ಟಿ. ವಿಜ್ಞಾನದ ಮಾಸ್ತರು ಹೋದ ಮೇಲೆ ಅವರ ಬುಟ್ಟಿಯನ್ನು ಯಾರಿಗೂ ಹಾಕಿರಲಿಲ್ಲ. ಅಂದು ಅಜ್ಜ ಹೆಡ್ ಮಾಸ್ತರ ಬುಟ್ಟಿ ತುಂಬಿಸಿ, ಮತ್ತೊಂದು ಬುಟ್ಟಿ ತರಿಸಿ ಅದನ್ನೂ ತುಂಬಿಸಿದರು. ಒದ್ದೆ ಕೈ ಒರೆಸಿಕೊಂಡು, ಮಗಳ ಎದುರು ಇಟ್ಟು, ಎರಡೂ ಹಗ್ಗದ ಜನಕ್ಕೆ ಕೇಳುವ ಹಾಗೆ ಕೂಗಿದರು: "ಇದು ವಿಜ್ಞಾನದ ಮಾಸ್ತರ ಪಾಲು." ಎಲ್ಲರೂ ನೋಡಿದ್ದು ಅತ್ತೆಯನ್ನಲ್ಲ, ಅಧ್ಯಕ್ಷರನ್ನು. ಅವರು ಬೇಡ ಎನ್ನಬಹುದಿತ್ತು. ಹಾಗೆ ಅಂದರೆ ತಂಡೇಲ ಕೂಗಿದ ಪಾಲನ್ನು ಊರಿನ ಎದುರು ಅಳಿಸಿದಂತಾಗುತ್ತಿತ್ತು, ಸಾಲದ್ದಕ್ಕೆ ಅವರ ತಂಗಿಯ ಮಗನೇ ಅಂಗೈ ಕೆಂಪಾಗಿಸಿಕೊಂಡು ತನ್ನ ಪಾಲಿಗೆ ಕಾದು ನಿಂತಿದ್ದ. ಕೊನೆಗೆ ಅವರು, "ಸೋಮವಾರದಿಂದ ಬರಲಿ" ಎಂದರು. ಅತ್ತೆಗೆ ನೇರವಾಗಿ ಹೇಳಲಿಲ್ಲ, ಮೀನಿನ ಬುಟ್ಟಿಗೆ ಹೇಳಿದ ಹಾಗೆ ಹೇಳಿದರು. ಅವಳು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬಿಳಿ ಸೀರೆಯಲ್ಲೇ ಮನೆಗೆ ನಡೆದಳು. ಅಜ್ಜ ಆ ದಿನ ಊಟಕ್ಕೆ ಕೂತಾಗ ಬೇರೆ ಮಾತಿನ ನಡುವೆ, ಏನು ಕಲಿಸಿದಿ ಅಂತ ನನಗೆ ಒಂದು ಅಕ್ಷರ ತಿಳೀಲಿಲ್ಲ ಎಂದರು. ಕಣ್ಣು ಮಾತ್ರ ತುಂಬಿಕೊಂಡಿತ್ತು. ಅವರು ಅಳುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆಮೇಲೆ ಅವಳು ತಲೆಮಾರುಗಟ್ಟಲೆ ಮಕ್ಕಳಿಗೆ ಕಲಿಸಿದಳು. ಪ್ರತಿ ವರ್ಷ ಆ ಪಾಠ ಬಂದಾಗ ತರಗತಿಯನ್ನು ದಡಕ್ಕೆ ಕರೆದೊಯ್ಯುತ್ತಿದ್ದಳು, ಅಧ್ಯಕ್ಷರೇ ಒಮ್ಮೊಮ್ಮೆ ಕೊಡೆ ಹಿಡಿದು ಹಿಂದೆ ಬರುತ್ತಿದ್ದರು. ನಾನು ಓದಿ, ಮದುವೆಯಾಗಿ ಭಟ್ಕಳಕ್ಕೆ ಬಂದೆ. ಸೋಡಿಯಂ ಮುಂಬಯಿಗೆ ಹೋದ, ಯಾರೋ ಶಿಳ್ಳೆ ಹಾಕಿರಬೇಕು. ಅಜ್ಜಿ ಹೋದರು. ಯಂತ್ರದ ದೋಣಿಗಳು ಬಂದು ಬಂಗಡೆಯ ಹಿಂಡನ್ನು ನಡುಕಡಲಿನಲ್ಲೇ ಬಾಚಿಕೊಳ್ಳತೊಡಗಿದ ಮೇಲೆ ದಿಬ್ಬದ ಮೇಲೆ ಕೂತವನಿಗೆ ಕೂಗಲು ಏನೂ ಉಳಿಯಲಿಲ್ಲ. ಅಜ್ಜ ಒಂದು ಹಂಗಾಮು ಪೂರ್ತಿ ಬಲೆಯನ್ನು ನಡುಮನೆಯಿಂದ ಹೊರಗೇ ತೆಗೆಯಲಿಲ್ಲ. ಅವರು ತೀರಿಕೊಂಡ ಮೇಲೆ ಪಾಲುದಾರರು ಬಂದು ಅದನ್ನು ತುಂಡು ತುಂಡು ಮಾಡಿ ತಮ್ಮ ತಮ್ಮ ಭಾಗ ಒಯ್ದರು, ಕೆಲವರು ತರಕಾರಿ ಹಿತ್ತಿಲಿಗೆ ಬೇಲಿ ಕಟ್ಟಿಕೊಂಡರು. ನಡುಮನೆ ಒಮ್ಮೆಲೇ ಬಹಳ ದೊಡ್ಡದಾಯಿತು. ಅಲ್ಲಿ ಎಷ್ಟು ಚಾಪೆ ಬೇಕಾದರೂ ಹಾಸಬಹುದಿತ್ತು, ಹಾಸಿಕೊಳ್ಳುವವರು ಇರಲಿಲ್ಲ.

ಅವಳ ನಿವೃತ್ತಿಯ ವರ್ಷ ನಾನೊಮ್ಮೆ ಸ್ಕೂಲಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅದೇ ಪಾಠ, ಹಲಗೆಯ ಮೇಲೆ ಅವೇ ವೃತ್ತಗಳು. ಕೂದಲು ಬೆಳ್ಳಗಾಗಿತ್ತು, ದನಿ ಇಳಿದಿರಲಿಲ್ಲ. ಎಳೆಯುವವರು ಹೆಚ್ಚಾದ ಹಾಗೆ ರಂಪಣಿಯ ಬಾಗು ಹೇಗೆ ಕಿರಿದಾಗ್ತದೆ, ಹಾಗೆ, ಎಂದು ಅವಳು ಹೇಳುತ್ತಿರುವಾಗ ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ನಮ್ಮ ಕೇರಿಯವಳೇ. ಅಂದು ಕ್ಲೋರಿನ್ ಆಗಿ ಹಗ್ಗ ಹಿಡಿದವನ ಮಗಳು. "ಟೀಚರ್, ರಂಪಣಿ ಅಂದ್ರೆ ಎಂತ?" ಎಂದು ಕೇಳಿದಳು. ತರಗತಿಯಲ್ಲಿ ಯಾರೂ ನಗಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಒಂದು ಗಳಿಗೆ ನನ್ನ ಕಡೆ ನೋಡಿದಳು. ನಾನು ಈ ಸಲವೂ ಬಾಯಿ ಬಿಡಲಿಲ್ಲ. ಅವಳು ಹಲಗೆಯ ಕಡೆ ತಿರುಗಿ, ಸೋಡಿಯಮ್ಮಿನ ವೃತ್ತದ ಪಕ್ಕದಲ್ಲಿ ಕ್ಲೋರಿನ್ನಿನದನ್ನು ಅಳಿಸಿ ಸಣ್ಣದಾಗಿ ಎಳೆದಳು. "ಇದರಿಂದ ಇದಕ್ಕೆ ಬರುವಾಗ ಪರಮಾಣು ಯಾಕೆ ಸಣ್ಣದಾಗ್ತದೆ ಅಂತ ನಿಮಗೆ ಗೊತ್ತುಂಟಲ್ಲ?" ಮಕ್ಕಳು ಹೌದು ಎಂದರು, ಅದನ್ನು ಅವರು ಪುಸ್ತಕದಲ್ಲಿ ಓದಿದ್ದರು. "ಹಾಗೇ ಒಂದು ಬಲೆ ಇತ್ತು" ಎಂದಳು. "ಊರಿನವರೆಲ್ಲ ಸೇರಿ ಎಳೀತಿದ್ದರು. ಕೈ ಹೆಚ್ಚಾದ ಹಾಗೆ ಹತ್ತಿರ ಬರ್ತಿತ್ತು." ಮಕ್ಕಳು ಪೆನ್ನು ಹಿಡಿದು, ಇದನ್ನು ಬರೆದುಕೊಳ್ಳಬೇಕೋ ಬೇಡವೋ ಎಂದು ಅವಳ ಮುಖ ನೋಡಿದರು.

"ಪರೀಕ್ಷೆಗೆ ಬರೂದಿಲ್ಲ" ಎಂದಳು ಅತ್ತೆ. "ಆದ್ರೂ ಬರ್ಕೊಳ್ಳಿ."